ಸಹಾಯ ಬೇಕು: ಡೆಲೆ ಬಿ1 ಪರೀಕ್ಷೆಗೆ ಸ್ಪ್ಯಾನಿಷ್ ಟ್ಯೂಟರ್

ಎಲ್ಲರಿಗೂ ನಮಸ್ಕಾರ. ಸ್ಪ್ಯಾನಿಷ್ ಭಾಷಾ ಪ್ರಾವೀಣ್ಯ ಪರೀಕ್ಷೆಯಾದ ಡೆಲೆಯ ಮಧ್ಯಮ ಹಂತ ಬಿ1ಗೆ ಆನ್‌ಲೈನ್‌ನಲ್ಲಿ ಒಬ್ಬರಿಗೇ ಪಾಠ ಹೇಳುವ ಟ್ಯೂಟರ್ ಗೊತ್ತಿದ್ದರೆ ದಯವಿಟ್ಟು ತಿಳಿಸಿ. ವಾರಕ್ಕೆ 2 ತರಗತಿ, ತಲಾ 1 ಗಂಟೆ.

ಪರೀಕ್ಷೆಯಲ್ಲಿ ಓದು–ಬರಹ ಒಂದು ಗುಂಪು, ಆಲಿಸುವುದು–ಮಾತು ಇನ್ನೊಂದು. ತಲಾ 50 ಅಂಕ, ಎರಡರಲ್ಲೂ ಪ್ರತ್ಯೇಕವಾಗಿ 30 ಬರಲೇಬೇಕು. ಓದಿನಲ್ಲಿ ಎಷ್ಟೇ ಅಂಕ ಬಂದರೂ ಮಾತಿನ ಕೊರತೆ ತುಂಬುವುದಿಲ್ಲ. ಹಾಗಾಗಿ ಮಾತಿಗೇ ಹೆಚ್ಚು ಒತ್ತು ಬೇಕು.

ಪ್ರತಿ ತಪ್ಪಿಗೂ ನಡುವೆ ತಡೆದರೆ ಮಾತು ಅಲ್ಲೇ ನಿಲ್ಲುತ್ತದೆ. ತಿದ್ದದೆ ಬರೀ ಹರಟಿದರೆ ತಪ್ಪೇ ರೂಢಿಯಾಗುತ್ತದೆ. ಐದು ನಿಮಿಷ ತಡೆಯದೆ ಮಾತಾಡಿಸಿ, ತಪ್ಪುಗಳನ್ನು ಬರೆದಿಟ್ಟುಕೊಂಡು, ಆಮೇಲೆ ತಿದ್ದುವವರು ಬೇಕು. ಇಂದೆಫಿನಿದೊ, ಇಂಪೆರ್ಫೆಕ್ತೊ ಎಂಬ ಎರಡು ಭೂತಕಾಲಗಳನ್ನು ಕ್ರಿಯಾಪದದ ಪಟ್ಟಿ ಉರುಹೊಡೆಸಿ ಅಲ್ಲ, ಘಟನೆಗಳನ್ನು ಹೇಳಿಸಿ ಕಲಿಸಬೇಕು. ಉಚ್ಚಾರಣೆಯೂ ಮುಖ್ಯ: ಇಂಗ್ಲಿಷ್ ಮೂಲಕ ಕಲಿತರೆ ಟ, ಡ ನುಸುಳುತ್ತವೆ. ಸ್ಪ್ಯಾನಿಷ್‌ಗೆ ಬೇಕಾದ, ಹಲ್ಲಿಗೆ ನಾಲಿಗೆ ತಾಗುವ ತ ನಮ್ಮಲ್ಲೇ ಇದೆ, ಅದನ್ನು ಬಳಸಿಕೊಳ್ಳುವ ಕನ್ನಡ ಬಲ್ಲ ಟ್ಯೂಟರ್ ಸಿಕ್ಕರೆ ತುಂಬಾ ಒಳ್ಳೆಯದು.

ಕೊಲಂಬಿಯಾದವರಾದರೂ ಸರಿ, ಇಲ್ಲಿ ಬೆಳಿಗ್ಗೆ 7:30 ಅಂದರೆ ಬೊಗೋಟಾದಲ್ಲಿ ಹಿಂದಿನ ರಾತ್ರಿ 9. ಗಂಟೆಗೆ ಎಷ್ಟು ಶುಲ್ಕ, ಮನೆಯಲ್ಲಿ ಬರೆದ 100–120 ಪದಗಳ ಪತ್ರವನ್ನು ತಿದ್ದಿಕೊಡುತ್ತಾರಾ ಎಂಬುದನ್ನೂ ಬರೆಯಿರಿ.