ಡಿ.ಎಲ್.ಇಡಿ.ಗೆ ಬೆಂಗಳೂರಿನಲ್ಲಿ ಕಾಲೇಜು ನೋಡುವಾಗ ಏನೇನು ಕೇಳಬೇಕು?

ಪ್ರಶ್ನೆ

ತಂಗಿ ಈ ಸಲ ದ್ವಿತೀಯ ಪಿಯುಸಿ ಕಲಾ ವಿಭಾಗದಲ್ಲಿ 63% ತೆಗೆದು ಪಾಸಾಗಿದ್ದಾಳೆ. ಒಂದರಿಂದ ಐದನೇ ತರಗತಿಯ ಮಕ್ಕಳಿಗೆ ಪಾಠ ಮಾಡಬೇಕೆಂಬ ಆಸೆ. ಮನೆ ಲಗ್ಗೆರೆಯಲ್ಲಿ. ಒಬ್ಬರು ಡಿ.ಇಡಿ. ಅನ್ನುತ್ತಾರೆ, ಇನ್ನೊಬ್ಬರು ಡಿಗ್ರಿ ಮುಗಿಸಿ ಬಿ.ಇಡಿ. ಮಾಡಲಿ ಅನ್ನುತ್ತಾರೆ, ಪಕ್ಕದ ರಸ್ತೆಯ ಸಂಸ್ಥೆಯವರು ಒಂದು ವರ್ಷದ ಎನ್‌ಟಿಟಿ (ನರ್ಸರಿ ಶಿಕ್ಷಕರ ತರಬೇತಿ) ಸಾಕು ಅಂದರು. ಕಾಲೇಜು ನೋಡಲು ಹೋದಾಗ ಏನು ಕೇಳಬೇಕು? ತಿಳಿದವರು ಹೇಳಿ.

ನಿವೃತ್ತ ಉಪನ್ಯಾಸಕರು, ಶಿಕ್ಷಕರ ತರಬೇತಿ ಸಂಸ್ಥೆ

ಮೊದಲು ಕೋರ್ಸ್ ಇತ್ಯರ್ಥವಾಗಲಿ, ಕಾಲೇಜು ಆಮೇಲೆ. ಹಳಬರ ಟಿಸಿಎಚ್ ಮುಂದೆ ಡಿ.ಇಡಿ. ಆಯಿತು, ಈಗ ಅದೇ ಡಿ.ಎಲ್.ಇಡಿ. (ಪ್ರಾಥಮಿಕ ಶಿಕ್ಷಣದ ಡಿಪ್ಲೊಮಾ). ಪಿಯುಸಿ ಆದ ಮೇಲೆ ಎರಡು ವರ್ಷ. ಸಾಮಾನ್ಯ ವರ್ಗಕ್ಕೆ ಪಿಯುಸಿಯಲ್ಲಿ ಕನಿಷ್ಠ 50% ಬೇಕು, ನಿಮ್ಮ ತಂಗಿಗೆ ಆ ಚಿಂತೆ ಇಲ್ಲ. ಪ್ರವೇಶ ಪರೀಕ್ಷೆಯೂ ಇಲ್ಲ, ಪಿಯುಸಿ ಅಂಕದ ಮೇಲೆ ಸೀಟು.

ಬಿ.ಇಡಿ. ಮಾಡಿ ಒಂದರಿಂದ ಐದಕ್ಕೆ ಬರುವ ದಾರಿ ಮುಚ್ಚಿದೆ. 2018ರ ಜೂನ್ 28ರ ಅಧಿಸೂಚನೆಯಲ್ಲಿ ಎನ್‌ಸಿಟಿಇ (ರಾಷ್ಟ್ರೀಯ ಶಿಕ್ಷಕರ ಶಿಕ್ಷಣ ಪರಿಷತ್ತು) ಬಿ.ಇಡಿ.ಯವರಿಗೂ ಅವಕಾಶ ಕೊಟ್ಟಿತ್ತು. ಅದು ಸಲ್ಲದು ಎಂದು ಸುಪ್ರೀಂ ಕೋರ್ಟ್ 2023ರ ಆಗಸ್ಟ್ 11ರಂದು ಹೇಳಿತು. ನನಗೆ ಆ ತೀರ್ಪು ಸರಿಯೆನಿಸುತ್ತದೆ. ಆರು ವರ್ಷದ ಮಗುವಿಗೆ ಓದಲು ಕಲಿಸುವುದು ಪ್ರೌಢಶಾಲೆಯ ಪಾಠದ ಸಣ್ಣ ರೂಪವಲ್ಲ, ಅದು ಬೇರೆಯೇ ವಿದ್ಯೆ.

ಎನ್‌ಟಿಟಿ, ಮಾಂಟೆಸ್ಸರಿ ಡಿಪ್ಲೊಮಾಗಳು ಎಲ್‌ಕೆಜಿ, ಯುಕೆಜಿ ಮಕ್ಕಳಿಗಾಗಿ ಇರುವಂಥವು. ಆ ಕೆಲಸ ಕೀಳೇನಲ್ಲ. ಆದರೆ ಒಂದನೇ ತರಗತಿಯ ಹುದ್ದೆಗೆ ಅವು ಅರ್ಹತೆಯಾಗುವುದಿಲ್ಲ. ಬೆಂಗಳೂರಿನಲ್ಲಿ ಹೆಚ್ಚು ಜನ ಎಡವುವುದು ಇಲ್ಲೇ: ‘ಟೀಚರ್ ಟ್ರೈನಿಂಗ್’ ಎಂಬ ಫಲಕ ನೋಡಿ ಸೇರುತ್ತಾರೆ, ಟಿಇಟಿ (ಶಿಕ್ಷಕರ ಅರ್ಹತಾ ಪರೀಕ್ಷೆ) ಅರ್ಜಿ ತುಂಬುವ ಹೊತ್ತಿಗೆ ಗೊತ್ತಾಗುತ್ತದೆ.

ಖಾಸಗಿ ಡಿ.ಎಲ್.ಇಡಿ. ಕಾಲೇಜಿನ ಕಚೇರಿ ಸಿಬ್ಬಂದಿ

ಎನ್‌ಸಿಟಿಇ ಮಾನ್ಯತಾ ಆದೇಶದ ಪ್ರತಿಯನ್ನೇ ಕೇಳಿ ಪಡೆಯಿರಿ. ‘ಮಾನ್ಯತೆ ಇದೆ’ ಎಂಬ ಬಾಯಿಮಾತು, ಗೋಡೆಯ ಫ್ರೇಮು ಸಾಲದು. ಅದರಲ್ಲಿ ಮೂರು ವಿಷಯ ನೋಡಿ: ಕೋರ್ಸಿನ ಹೆಸರು ಡಿ.ಇಡಿ. ಅಥವಾ ಡಿ.ಎಲ್.ಇಡಿ. ಎಂದೇ ಇದೆಯೇ (ಒಂದೇ ಆಡಳಿತ ಮಂಡಳಿಯ ಬಿ.ಇಡಿ. ಆದೇಶ ತೋರಿಸುವುದುಂಟು), ಎಷ್ಟು ಸೀಟು, ಯಾವ ವಿಳಾಸ. ಒಂದು ಘಟಕವೆಂದರೆ 50 ಸೀಟು. ಕಟ್ಟಡ ಬದಲಿಸಬೇಕಾದರೂ ಎನ್‌ಸಿಟಿಇ ಒಪ್ಪಿಗೆ ಬೇಕು. ಆದೇಶದ ವಿಳಾಸ ಒಂದು, ನೀವು ನಿಂತಿರುವ ಕಟ್ಟಡ ಇನ್ನೊಂದು ಎಂದಾದರೆ ಕಾರಣ ಕೇಳದೆ ದುಡ್ಡು ಕಟ್ಟಬೇಡಿ.

ಹಳೆಯ ಆದೇಶ ಇದ್ದ ಮಾತ್ರಕ್ಕೆ ಈಗಲೂ ಮಾನ್ಯತೆ ಇದೆ ಎಂದಲ್ಲ. ವರ್ಷ ವರ್ಷ ಸಲ್ಲಿಸಬೇಕಾದ ಪಿಎಆರ್ (ಕಾರ್ಯಕ್ಷಮತೆ ಮೌಲ್ಯಮಾಪನ) ವರದಿ ಸಲ್ಲಿಸದ ಅನೇಕ ಸಂಸ್ಥೆಗಳ ಮಾನ್ಯತೆಯನ್ನು ದೇಶದಾದ್ಯಂತ ಎನ್‌ಸಿಟಿಇ 2025ರಲ್ಲಿ ಹಿಂಪಡೆದಿದೆ. ಅದರ ಜಾಲತಾಣದಲ್ಲಿ ಕಾಲೇಜಿನ ಹೆಸರು ಹುಡುಕಿ, ಪ್ರವೇಶದ ವಾರದಲ್ಲಿ ಮತ್ತೊಮ್ಮೆ ನೋಡಿ.

ಶುಲ್ಕದ ಪೂರ್ತಿ ವಿವರ ಬರಹದಲ್ಲಿ ಬೇಕು. ಬೋಧನಾ ಶುಲ್ಕದ ಹೊರಗೆ ಪರೀಕ್ಷಾ ಶುಲ್ಕ, ರೆಕಾರ್ಡ್ ಪುಸ್ತಕ, ಸಮವಸ್ತ್ರ, ಪ್ರವಾಸ ಎಂದು ಒಂದೊಂದಾಗಿ ಬರುತ್ತವೆ. ಮೂಲ ಅಂಕಪಟ್ಟಿ ಕೊಟ್ಟರೆ ಮೊಹರು ಹಾಕಿದ ಸ್ವೀಕೃತಿ ಪಡೆಯಿರಿ.

‘ಬರದಿದ್ದರೂ ನಡೆಯುತ್ತೆ, ಪರೀಕ್ಷೆಗೆ ಬಂದರೆ ಸಾಕು’ ಎಂದು ಹೇಳುವ ಏಜೆಂಟರು ಸಿಗುತ್ತಾರೆ. ನಿಯಮದಲ್ಲಿ ತರಗತಿಗೆ 80%, ಶಾಲಾ ಇಂಟರ್ನ್‌ಶಿಪ್‌ಗೆ 90% ಹಾಜರಿ ಕಡ್ಡಾಯ. ಹಾಗಾಗಿ ಅವರು ಮಾರುವುದು ಸುಳ್ಳು ಹಾಜರಿಯನ್ನು. ಸಿಕ್ಕಿಬಿದ್ದ ದಿನ ಏಜೆಂಟ್ ಇರುವುದಿಲ್ಲ, ಮಗುವಿನ ಸರ್ಟಿಫಿಕೇಟ್ ಮಾತ್ರ ಇರುತ್ತದೆ.

ಡಯಟ್ ಉಪನ್ಯಾಸಕಿ

ಮೇಲಿನದೆಲ್ಲ ಸರಿಯಿದ್ದ ನಾಲ್ಕು ಕಾಲೇಜುಗಳು ಉಳಿದವು ಅಂದುಕೊಳ್ಳಿ. ಅವುಗಳಲ್ಲಿ ಒಂದನ್ನು ಆರಿಸಲು ನನ್ನ ಪ್ರಕಾರ ಒಂದೇ ಪ್ರಶ್ನೆ ಇದೆ: ನಿಮ್ಮ ವಿದ್ಯಾರ್ಥಿಗಳನ್ನು ಯಾವ ಶಾಲೆಗೆ ಅಭ್ಯಾಸ ಬೋಧನೆಗೆ ಕಳಿಸುತ್ತೀರಿ, ಅಲ್ಲಿ ಬಂದು ಹಿಂದಿನ ಬೆಂಚಿನಲ್ಲಿ ಕೂತು ಪಾಠ ನೋಡುವವರು ಯಾರು?

ಎರಡು ವರ್ಷದಲ್ಲಿ ಕನಿಷ್ಠ 20 ವಾರ ಶಾಲೆಯಲ್ಲಿ ಕಳೆಯಬೇಕು. ಮೊದಲ ವರ್ಷ 4 ವಾರ ತರಗತಿ ವೀಕ್ಷಣೆ, ಎರಡನೇ ವರ್ಷ 16 ವಾರ ಬೋಧನೆ. ಆ 16 ವಾರಗಳಲ್ಲೇ ಶಿಕ್ಷಕಿ ತಯಾರಾಗುತ್ತಾಳೆ ಅಥವಾ ಆಗುವುದಿಲ್ಲ. ಕೆಲವು ಕಡೆ ತಮ್ಮದೇ ಆಡಳಿತ ಮಂಡಳಿಯ ಶಾಲೆಗೆ ಕಳಿಸಿ, ರಜೆ ಹಾಕಿದ ಟೀಚರ್ ಜಾಗದಲ್ಲಿ ಕೂರಿಸುತ್ತಾರೆ. ಪ್ರಶಿಕ್ಷಣಾರ್ಥಿಗಳು ಅಲ್ಲಿ ಮಕ್ಕಳ ಗಲಾಟೆ ತಡೆಯುವುದನ್ನು ಕಲಿಯುತ್ತಾರೆ, ಪಾಠ ಮಾಡುವುದನ್ನಲ್ಲ.

ಸರ್ಕಾರಿ ಕಿರಿಯ ಪ್ರಾಥಮಿಕ ಶಾಲೆಯ ನಲಿ-ಕಲಿ ತರಗತಿ ಸಿಗುವ ಕಾಲೇಜಿಗೆ ನಾನು ಮೊದಲ ಅಂಕ ಕೊಡುತ್ತೇನೆ. ಅಲ್ಲಿ ಒಂದು, ಎರಡು, ಮೂರನೇ ತರಗತಿಯವರು ಒಂದೇ ಕೋಣೆಯಲ್ಲಿ, ಒಬ್ಬೊಬ್ಬರೂ ಕಲಿಕಾ ಏಣಿಯ ಬೇರೆ ಬೇರೆ ಮೆಟ್ಟಿಲಲ್ಲಿ. ಅಕ್ಷರ ಶುರುವಾಗುವುದು ಅ ಆ ಇ ಈ ಅಲ್ಲ; ರ, ಗ, ಸ, ದ, ಅ. ಐದು ಅಕ್ಷರ ಕಲಿತ ಮಗು ‘ಅರಸ’, ‘ಸರ’, ‘ಗರಗಸ’ ಓದಿಬಿಡುತ್ತದೆ. ಇದು ತಿಳಿಯದ ಪ್ರಶಿಕ್ಷಣಾರ್ಥಿ ಇಡೀ ಕೋಣೆಗೆ ‘ಎಲ್ಲರೂ ಪುಸ್ತಕ ತೆಗೀರಿ’ ಎನ್ನುತ್ತಾಳೆ, ಐದೇ ನಿಮಿಷದಲ್ಲಿ ತರಗತಿ ಕೈತಪ್ಪುತ್ತದೆ. ಅದೂ ಅಲ್ಲದೆ ನಮ್ಮ ಊರಿನ ಸರ್ಕಾರಿ ಶಾಲೆಯಲ್ಲಿ ಮನೆಮಾತು ತಮಿಳು, ತೆಲುಗು, ಉರ್ದು, ಹಿಂದಿ ಇರುವ ಮಕ್ಕಳು ಒಟ್ಟಿಗೇ ಕೂರುತ್ತಾರೆ. ಅವರಿಗೆ ಕನ್ನಡ ಕಲಿಸಿದ ಅನುಭವ ಯಾವ ನೋಟ್ಸಿನಿಂದಲೂ ಬರುವುದಿಲ್ಲ.

ಪರೀಕ್ಷಿಸುವುದು ಹೀಗೆ. ಕಳೆದ ವರ್ಷದವರ ಪಾಠ ಯೋಜನೆಯ ಒಂದೆರಡು ರೆಕಾರ್ಡ್ ತೋರಿಸಿ ಎಂದು ಕೇಳಿ. ಪ್ರತಿ ಪುಟದಲ್ಲೂ ಕೆಂಪು ಟಿಕ್ ಮತ್ತು ಸಹಿ ಮಾತ್ರ ಇದ್ದರೆ ಪಾಠ ಯಾರೂ ನೋಡಿಲ್ಲ. ‘52ರಲ್ಲಿ 27 ಕಳೆಯುವಾಗ ಮಗು 35 ಬರೆದಿದೆ, ದೊಡ್ಡದರಿಂದ ಚಿಕ್ಕದನ್ನು ಕಳೆದಿದೆ, ಹತ್ತರ ಕಟ್ಟು ಬಿಚ್ಚಿಸಿ ತೋರಿಸಿ’ ಎಂಬಂಥ ಒಂದು ಸಾಲು ಸಿಕ್ಕರೂ ಸಾಕು, ಅಲ್ಲಿ ಕಲಿಸುವವರು ಇದ್ದಾರೆ ಎಂದು ತಿಳಿಯಿರಿ. ಎರಡು ರೆಕಾರ್ಡಿನಲ್ಲಿ ಒಂದೇ ಪಾಠ, ಒಂದೇ ವಾಕ್ಯಗಳಿದ್ದರೆ ಅಂಗಡಿಯ ಪುಸ್ತಕದಿಂದ ಇಳಿಸಿದ್ದು.

ಅಧ್ಯಾಪಕರ ಲೆಕ್ಕವನ್ನೂ ಕೇಳಿ. ಎರಡೂ ವರ್ಷ ಸೇರಿ ಇನ್ನೂರು ವಿದ್ಯಾರ್ಥಿಗಳಿಗೆ 16 ಮಂದಿ ಪೂರ್ಣಾವಧಿ ಅಧ್ಯಾಪಕರು ಇರಬೇಕೆಂಬುದು ಎನ್‌ಸಿಟಿಇಯ 2014ರ ನಿಯಮ. ಪಟ್ಟಿಯಲ್ಲಿರುವವರು ಆ ದಿನ ಕಾಲೇಜಿನಲ್ಲಿ ಇದ್ದಾರೆಯೇ ಎಂಬುದು ಬೇರೆ ಪ್ರಶ್ನೆ, ಆದ್ದರಿಂದ ಮಂಗಳವಾರವೋ ಬುಧವಾರವೋ ಬೆಳಿಗ್ಗೆ ಹನ್ನೊಂದಕ್ಕೆ, ಹೇಳದೆ ಹೋಗಿ. ದ್ವಿತೀಯ ವರ್ಷದವರು ಸಿಕ್ಕರೆ ‘ನಿಮ್ಮ ಪಾಠವನ್ನು ಮೇಡಂ ಪೂರ್ತಿ ಪೀರಿಯಡ್ ಕೂತು ಎಷ್ಟು ಸಲ ನೋಡಿದ್ದಾರೆ?’ ಎಂದಷ್ಟೇ ಕೇಳಿ.

ಲಗ್ಗೆರೆಯಿಂದ ರಾಜಾಜಿನಗರದ ಡಯಟ್ (ಜಿಲ್ಲಾ ಶಿಕ್ಷಣ ಮತ್ತು ತರಬೇತಿ ಸಂಸ್ಥೆ) ದೂರವಿಲ್ಲ. ಈ ವರ್ಷ ಅಲ್ಲಿ ಪ್ರವೇಶ ಇದೆಯೇ ಎಂದು ಮೊದಲು ವಿಚಾರಿಸಿ.

ಸರ್ಕಾರಿ ಶಾಲೆಯ ಮುಖ್ಯಶಿಕ್ಷಕರು

ಇಂಟರ್ನ್‌ಶಿಪ್‌ಗೆ ಬರುವವರಲ್ಲಿ ಯಾವ ಕಾಲೇಜಿನವರು ಎಂಬುದು ಕರಿಹಲಗೆಯಲ್ಲೇ ತಿಳಿಯುತ್ತದೆ. ಅಕ್ಷರ ಬರೆಯುವ ಕ್ರಮ ತಪ್ಪು, ಒತ್ತಕ್ಷರ ಸಾಲಿನ ಮೇಲೆ, ಬರೆಯುವಾಗ ಮೈಯೇ ಹಲಗೆಗೆ ಅಡ್ಡ. ಶಿಕ್ಷಕಿ ಬರೆದ ಹಾಗೇ ಮಕ್ಕಳು ಬರೆಯುತ್ತಾರೆ. ಕರಿಹಲಗೆ ಬರಹಕ್ಕೆ ವೇಳಾಪಟ್ಟಿಯಲ್ಲಿ ಸಮಯ ಇದೆಯೇ ಎಂದು ಕಾಲೇಜಿನಲ್ಲಿ ಕೇಳಿ.

ದೂರವನ್ನೂ ಲೆಕ್ಕ ಹಾಕಿ, ಆದರೆ ಕಾಲೇಜಿನ ದೂರ ಮಾತ್ರವಲ್ಲ. 16 ವಾರ ನೇರ ಅಭ್ಯಾಸ ಶಾಲೆಗೆ, ಪ್ರಾರ್ಥನೆಗೆ ಮೊದಲೇ ತಲುಪಬೇಕು. ಶಕ್ತಿ ಯೋಜನೆಯಿಂದ ಹೆಣ್ಣುಮಕ್ಕಳಿಗೆ ಬಿಎಂಟಿಸಿ ಸಾಮಾನ್ಯ ಬಸ್ಸಿನಲ್ಲಿ ಟಿಕೆಟ್ ಖರ್ಚಿಲ್ಲ, ಆದರೆ ಎರಡು ಬಸ್ ಬದಲಿಸುವ ದಾರಿಯಲ್ಲಿ 90% ಹಾಜರಿ ಉಳಿಸಿಕೊಳ್ಳುವುದು ಕಷ್ಟ.

ದಾಖಲೆ ಪರಿಶೀಲನೆಯಲ್ಲಿ ಕೆಲಸ ಮಾಡಿದವರು

ದಾಖಲೆ ಸಾಮಾನ್ಯವಾಗಿ ತಪ್ಪುವುದು ಇವುಗಳಲ್ಲಿ. ಕನ್ನಡ ಮಾಧ್ಯಮ, ಗ್ರಾಮೀಣ ಪ್ರಮಾಣಪತ್ರಗಳಿಗೆ ಶಾಲೆಯ ಸಹಿಯ ಜೊತೆ ಬಿಇಒ (ಕ್ಷೇತ್ರ ಶಿಕ್ಷಣಾಧಿಕಾರಿ) ಮೇಲುಸಹಿ ಇರಬೇಕು. 1ರಿಂದ 10ರವರೆಗೆ ಎರಡು ಮೂರು ಶಾಲೆಯಲ್ಲಿ ಓದಿದ್ದರೆ ಒಂದು ಶಾಲೆಯ ಪತ್ರ ಸಾಲದು. ಜಾತಿ-ಆದಾಯ ಪ್ರಮಾಣಪತ್ರದ ಆರ್‌ಡಿ ಸಂಖ್ಯೆ ಚಾಲ್ತಿಯಲ್ಲಿರಲಿ, ಎಸ್‌ಎಸ್‌ಪಿ (ರಾಜ್ಯ ವಿದ್ಯಾರ್ಥಿವೇತನ ಪೋರ್ಟಲ್) ವಿದ್ಯಾರ್ಥಿವೇತನಕ್ಕೂ ಅದೇ ಬೇಕು. ಎಸ್‌ಎಸ್‌ಎಲ್‌ಸಿ ಅಂಕಪಟ್ಟಿ ಮತ್ತು ಆಧಾರ್‌ನಲ್ಲಿ ಹೆಸರಿನ ಇನಿಷಿಯಲ್ ಬೇರೆ ಇದ್ದರೆ ಅರ್ಜಿಗೆ ಮೊದಲೇ ಸರಿಮಾಡಿಸಿ.

ಪ್ರಶ್ನೆ ಕೇಳಿದವರು

ತುಂಬಾ ಉಪಕಾರ. ಇನ್ನೊಂದು: 2030ರ ಹೊತ್ತಿಗೆ ಈ ಡಿಪ್ಲೊಮಾಗೆ ಬೆಲೆ ಇರುವುದಿಲ್ಲ ಎನ್ನುತ್ತಾರೆ, ನಿಜವೇ?

ನಿವೃತ್ತ ಉಪನ್ಯಾಸಕರು

ಶಿಕ್ಷಕರಿಗೆ 2030ರ ವೇಳೆಗೆ ನಾಲ್ಕು ವರ್ಷದ ಸಂಯೋಜಿತ ಬಿ.ಇಡಿ.ಯೇ ಕನಿಷ್ಠ ಅರ್ಹತೆ ಆಗಬೇಕು ಎಂದು 2020ರ ರಾಷ್ಟ್ರೀಯ ಶಿಕ್ಷಣ ನೀತಿ ಹೇಳಿದೆ. ಅದರ ಕೋರ್ಸ್ ಐಟಿಇಪಿ, ಪ್ರವೇಶಕ್ಕೆ ಎನ್‌ಸಿಇಟಿ ಪರೀಕ್ಷೆ. ನಾಲ್ಕು ವರ್ಷ ಓದಿಸುವ ಶಕ್ತಿ ಮನೆಗಿದ್ದರೆ ಅದನ್ನೂ ನೋಡಿ. ಎರಡೇ ವರ್ಷದಲ್ಲಿ ದುಡಿಮೆಗೆ ಇಳಿಯಬೇಕಾದರೆ ಡಿ.ಎಲ್.ಇಡಿ. ಮುಗಿಸಿ, ಕೆಲಸ ಮಾಡುತ್ತಲೇ ಪದವಿ ಮಾಡಿಕೊಳ್ಳಲಿ. ಪದವಿ, ಡಿ.ಎಲ್.ಇಡಿ., ಟಿಇಟಿಯ ಎರಡನೇ ಪತ್ರಿಕೆ ಮೂರೂ ಇದ್ದರೆ ಆರರಿಂದ ಎಂಟನೇ ತರಗತಿಯ ಹುದ್ದೆಗೂ ದಾರಿಯಾಗುತ್ತದೆ. ಪದವಿಯ ವಿಷಯಗಳನ್ನು ಮಾತ್ರ ಆ ನೇಮಕಾತಿ ನಿಯಮ ನೋಡಿಯೇ ಆರಿಸಿ.

ಡಯಟ್ ಉಪನ್ಯಾಸಕಿ

ಟಿಇಟಿಯ ಬಗ್ಗೆ ಒಂದು ಮಾತು. ಒಂದನೇ ಪತ್ರಿಕೆ 150 ಅಂಕ, ಎರಡೂವರೆ ಗಂಟೆ. ಶಿಶು ವಿಕಸನ, ಎರಡು ಭಾಷೆ, ಗಣಿತ, ಪರಿಸರ ಅಧ್ಯಯನಕ್ಕೆ ತಲಾ 30. ಸಾಮಾನ್ಯ ವರ್ಗಕ್ಕೆ 90 ಬಂದರೆ ಅರ್ಹತೆ, ತಪ್ಪು ಉತ್ತರಕ್ಕೆ ಅಂಕ ಕಳೆಯುವುದಿಲ್ಲ. ಕಲಾ ವಿಭಾಗದಿಂದ ಬಂದವರಿಗೆ ಕೈಕೊಡುವುದು ಗಣಿತ, ಅದರಲ್ಲೂ ಭಿನ್ನರಾಶಿ ಮತ್ತು ಅಳತೆ. ಪಠ್ಯಪುಸ್ತಕ ಸಂಘದ ಜಾಲತಾಣದಲ್ಲಿ ಪುಸ್ತಕಗಳು ಉಚಿತವಾಗಿ ಸಿಗುತ್ತವೆ. ಪ್ರವೇಶ ಸಿಗುವವರೆಗೂ ಕಾಯದೆ 4ರಿಂದ 8ನೇ ತರಗತಿಯ ಗಣಿತ ಪುಸ್ತಕ ಇಳಿಸಿಕೊಂಡು ಈ ವಾರವೇ ಶುರುಮಾಡಲಿ. ಮೊದಲು ನಾಲ್ಕನೇ ತರಗತಿಯ ಭಿನ್ನರಾಶಿ, ಬರೀ ಲೆಕ್ಕವಾಗಿ ಅಲ್ಲ, ಕಾಗದ ಮಡಚಿ.