ಹೆಸರು ಹಾಕಿ ದೂರು ಕೊಡಬಹುದಾ?

ಪ್ರಶ್ನೆ: ವಕೀಲ ಅಕ್ಕಾ, ನಮಸ್ಕಾರ. ಕಲಬುರಗಿಯ ಒಂದು ದಾಲ್ ಮಿಲ್ಲಿನಲ್ಲಿ ಬಿಲ್ ಬರೆಯುತ್ತೇನೆ. ತೂಕದ ಲೆಕ್ಕ ನೋಡುವವರೊಬ್ಬರು ನಾಗರ ಪಂಚಮಿಯಿಂದ ಕಾಡುತ್ತಿದ್ದಾರೆ. ತೂಕದ ಚೀಟಿ ಕೊಡುವಾಗ ಬೇಕಂತಲೇ ಕೈ ಹಿಡಿಯುತ್ತಾರೆ. ರಾತ್ರಿ ಹನ್ನೊಂದಕ್ಕೆ ಹೊಲಸು ಮೆಸೇಜ್. ಕೊನೆಯದು ಬಂದಿದ್ದು ದಸರಾ ಮರುದಿನ. ಸಾವುಕಾರರಿಗೆ ಹೇಳಿದರೆ "ಅದು ನಿಮ್ಮಿಬ್ಬರ ವಿಷಯ. ಆಫೀಸಿನಲ್ಲಿ ಇರೋದೇ ಆರು ಜನ, ಕಮಿಟಿ ಗಿಮಿಟಿ ನಮಗೆ ಬೇಕಿಲ್ಲ" ಅಂದರು. ದೂರು ಯಾರ ಮೇಲೆ ಕೊಡಬೇಕು, ಮಿಲ್ಲಿನ ಮೇಲಾ, ಅವರೊಬ್ಬರ ಮೇಲಾ?

ಉತ್ತರ: ಅವರೊಬ್ಬರ ಮೇಲೆಯೇ, ಹೆಸರು ಹಾಕಿ ಕೊಡಿ. ಕೆಲಸದ ಜಾಗದಲ್ಲಿ ಹೆಂಗಸರಿಗೆ ಆಗುವ ಲೈಂಗಿಕ ಕಿರುಕುಳ ತಡೆಯುವ 2013ರ ಕಾಯ್ದೆ ಇರುವುದೇ ಅದಕ್ಕೆ. ತಪ್ಪು ಸಾಬೀತಾದರೆ ಶಿಕ್ಷೆಯೂ ಅವರಿಗೇ, ನಿಮಗೆ ಕೊಡುವ ಪರಿಹಾರವನ್ನೂ ಅವರ ಸಂಬಳದಲ್ಲೇ ಮುರಿದುಕೊಳ್ಳಬಹುದು.

ಇನ್ನು ಸಾವುಕಾರರ ಲೆಕ್ಕ. ಆರು ಜನ ಅಂದರಲ್ಲ, ಹಮಾಲರನ್ನು ಎಣಿಸಿದರಾ? ಬೇಳೆ ಹಸನು ಮಾಡುವ ಹೆಂಗಸರನ್ನು? ದಿನಗೂಲಿಯವರೂ ಲೆಕ್ಕಕ್ಕೆ ಬರುತ್ತಾರೆ. ಒಟ್ಟು ಹತ್ತು ಮುಟ್ಟಿದರೆ ಇಂಥ ದೂರು ವಿಚಾರಿಸಲು ಮಿಲ್ಲಿನಲ್ಲೇ ಆಂತರಿಕ ಸಮಿತಿ ಮಾಡಲೇಬೇಕು, ಇಲ್ಲವಾದರೆ ಸಾವುಕಾರರಿಗೇ 50,000 ರೂಪಾಯಿವರೆಗೆ ದಂಡ. ನಿಜವಾಗಿಯೂ ಹತ್ತಕ್ಕಿಂತ ಕಡಿಮೆ ಇದ್ದರೆ ಜಿಲ್ಲೆಯ ಸ್ಥಳೀಯ ಸಮಿತಿಗೆ ಕೊಡಿ. ಮಹಿಳಾ ಮತ್ತು ಮಕ್ಕಳ ಅಭಿವೃದ್ಧಿ ಇಲಾಖೆಯ ಕಚೇರಿಯಲ್ಲಿ ಕೇಳಿದರೆ ದಾರಿ ಹೇಳುತ್ತಾರೆ.

ಗಡುವು ಮೂರು ತಿಂಗಳು. ಕೊನೆಯ ಘಟನೆಯಿಂದ ಲೆಕ್ಕ, ಅಂದರೆ ನಿಮಗೆ ದಸರಾ ಮರುದಿನದಿಂದ. ಸರಿಯಾದ ಕಾರಣವಿದ್ದರೆ ಸಮಿತಿ ಇನ್ನೂ ಮೂರು ತಿಂಗಳು ಕೊಡಬಹುದು, ಆದರೆ ಅದನ್ನು ನಂಬಿ ಕೂರಬೇಡಿ. ಎಳ್ಳ ಅಮಾವಾಸ್ಯೆಗೆ ಊರಿಗೆ ಹೋಗಿ ಚರಗ ಚೆಲ್ಲಿ ಬಂದ ಮೇಲೆ ಬರೆದರಾಯಿತು ಅಂತ ಸುಮ್ನೆ ಮುಂದೂಡುವವರನ್ನು ಜಾಸ್ತಿ ನೋಡಿದ್ದೇನೆ.

ಪೊಲೀಸ್ ದಾರಿ ಬೇರೆ. ಭಾರತೀಯ ನ್ಯಾಯ ಸಂಹಿತೆಯ 75ನೇ ಕಲಂ ಪ್ರಕಾರ ಹೀಗೆ ಮೈ ಕೈ ಮುಟ್ಟಿದ್ದಕ್ಕೆ ಮೂರು ವರ್ಷದವರೆಗೆ ಜೈಲು ಆಗಬಹುದು. ಎರಡೂ ಕಡೆ ಒಟ್ಟಿಗೇ ಹೋಗಬಹುದು. ಮೆಸೇಜ್ ಮಾತ್ರ ಅಳಿಸಬೇಡಿ. ಸ್ಕ್ರೀನ್‌ಶಾಟ್ ಇದೆ ಅಂತ ಹಳೇ ಫೋನ್ ಮಾರಲೂ ಬೇಡಿ.

ಪ್ರಶ್ನೆ: ಸಾಬೀತಾಗದಿದ್ದರೆ ನನ್ನ ಮೇಲೆಯೇ ಕೇಸ್ ಹಾಕ್ತಾರಂತೆ, ಹೌದಾ ಅಕ್ಕಾ?

ಉತ್ತರ: ಹೆದರಿಸಲು ಹೇಳುವ ಮಾತು ಅದು. ಸಾಕ್ಷಿ ಸಾಲಲಿಲ್ಲ ಅನ್ನುವ ಒಂದೇ ಕಾರಣಕ್ಕೆ ದೂರು ಸುಳ್ಳಾಗುವುದಿಲ್ಲ. ಬೇಕಂತಲೇ ಸುಳ್ಳು ಹೇಳಿದ್ದು ವಿಚಾರಣೆಯಲ್ಲಿ ಗೊತ್ತಾಗಬೇಕು. ಬೇಕಿದ್ದರೆ ವಿಚಾರಣೆ ಮುಗಿಯುವವರೆಗೆ ಮೂರು ತಿಂಗಳವರೆಗೆ ರಜೆಯನ್ನೂ ಕೇಳಿ. ಅದು ನಿಮ್ಮ ಮಾಮೂಲಿ ರಜೆಯಲ್ಲಿ ಕಡಿತವಾಗುವುದಿಲ್ಲ.

ಪ್ರಶ್ನೆ: ಹಸನು ಮಾಡುವ ಇಬ್ಬರು ನೋಡಿದ್ದಾರೆ, ಹೇಳ್ತೀವಿ ಅಂದಿದ್ದಾರೆ. ಅವರ ಹೆಸರು...

ಉತ್ತರ: ಇಲ್ಲಿ ಬೇಡ ತಂಗಿ! ದೂರಿನಲ್ಲಿ ಬರೆಯಿರಿ, ವಿಳಾಸದ ಸಮೇತ. ಸಮಿತಿಗೆ ದೂರಿನ ಆರು ಪ್ರತಿ ಕೊಡಬೇಕು. ಏಳನೆಯದಕ್ಕೆ ಸೀಲ್ ಹಾಕಿಸಿಕೊಂಡು ಮನೆಯಲ್ಲಿ ಇಟ್ಟುಕೊಳ್ಳಿ.