ಮಚ್ಛೆಯಿಂದ ಬನಹಟ್ಟಿ, ವಿಜಯಪುರಕ್ಕೆ ಕೆಮಿಕಲ್ ಕಳಿಸಬೇಕು: ಅನುಭವ ಇದ್ದವರು ಹೇಳಿ

ಕೇಳಿದವರು, ಮಚ್ಛೆ

ನಮಸ್ಕಾರ. ಬೆಳಗಾವಿ ಹತ್ತಿರದ ಮಚ್ಛೆಯಲ್ಲಿ ನಮ್ಮದೊಂದು ಸಣ್ಣ ಕೆಮಿಕಲ್ ಗೋಡೌನ್ ಇದೆ. ಇಲ್ಲಿವರೆಗೆ ಉದ್ಯಮಬಾಗ ಕೈಗಾರಿಕಾ ಪ್ರದೇಶದಲ್ಲಿ ಲೋಹಕ್ಕೆ ಲೇಪನ ಮಾಡೋ ಪ್ಲೇಟಿಂಗ್ ಶಾಪ್‌ಗಳಿಗೆ ಹೈಡ್ರೋಕ್ಲೋರಿಕ್ ಮತ್ತು ಸಲ್ಫ್ಯೂರಿಕ್ ಆಸಿಡ್ ಮಾತ್ರ ಕೊಡುತ್ತಿದ್ದೆವು. ಈ ಹಂಗಾಮಿನಿಂದ ಮುಧೋಳ ಕಡೆಯ ಸಕ್ಕರೆ ಕಾರ್ಖಾನೆಗೆ ಕಾಸ್ಟಿಕ್ ಲೈ (ಕಾಸ್ಟಿಕ್ ಸೋಡಾ ದ್ರಾವಣ), ರಬಕವಿ-ಬನಹಟ್ಟಿಯಲ್ಲಿ ನೂಲಿಗೆ ಬಣ್ಣ ಹಾಕುವವರಿಗೆ ಹೈಡ್ರೋಸ್ ಪುಡಿ (ಸೋಡಿಯಂ ಹೈಡ್ರೋಸಲ್ಫೈಟ್) ಮತ್ತು ಹೈಡ್ರೋಜನ್ ಪೆರಾಕ್ಸೈಡ್, ವಿಜಯಪುರಕ್ಕೆ ನೀರು ಶುದ್ಧ ಮಾಡೋ ಹೈಪೋಕ್ಲೋರೈಟ್ ಕೇಳುತ್ತಿದ್ದಾರೆ. ಎಲ್ಲವನ್ನೂ ಒಂದೇ ಲಾರಿಗೆ ಹಾಕಿ ಯರಗಟ್ಟಿ, ಲೋಕಾಪುರ ಮೇಲೆ ಒಂದು ಸುತ್ತು ಹೊಡೆಸಿದರೆ ಬಾಡಿಗೆ ಉಳಿಯುತ್ತೆ ಅನ್ನೋದು ನನ್ನ ಲೆಕ್ಕ. ಹಳೇ ಕ್ಯಾನ್ ತೊಳೆದು ತುಂಬಬಹುದಾ? ಲಾರಿಗೆ ಕಾಗದಪತ್ರ ಏನೇನು ಬೇಕು?

ಡಿಸ್ಪ್ಯಾಚ್ ನೋಡಿಕೊಂಡಿದ್ದವರು, ಬೆಳಗಾವಿ

ಒಂದೇ ಲಾರಿ ಅನ್ನೋ ಲೆಕ್ಕ ಮೊದಲು ಬಿಡಿ. ನೀವು ಬರೆದ ಪಟ್ಟಿಯಲ್ಲಿ ಒಂದಕ್ಕೊಂದು ಆಗದೇ ಇರೋವೇ ಜಾಸ್ತಿ. ಆಸಿಡ್ ಕ್ಯಾನ್ ಸೋರಿ ಹೈಪೋಕ್ಲೋರೈಟ್‌ಗೆ ತಾಗಿದರೆ ಕ್ಲೋರಿನ್ ಗ್ಯಾಸ್ ಏಳುತ್ತೆ. ಆಸಿಡ್ ಹೈಡ್ರೋಸ್ ಮೇಲೆ ಬಿದ್ದರೆ ಸಲ್ಫರ್ ಡೈಆಕ್ಸೈಡ್. ಹೈಡ್ರೋಸ್ ಮತ್ತು ಪೆರಾಕ್ಸೈಡ್ ಕೂಡಿದರೆ ಬೆಂಕಿಯೇ. ಗೋಡೌನ್‌ನಲ್ಲಿ ಬೇರೆ ಬೇರೆ ಮೂಲೆಯಲ್ಲಿ ಇಡುವ ಸರಕನ್ನು ಲಾರಿಯಲ್ಲಿ ಮೈಗೆ ಮೈ ತಾಗಿಸಿ ನಿಲ್ಲಿಸೋದು ಯಾವ ನ್ಯಾಯ?

ನಾನು ಮಾಡಿಸುತ್ತಿದ್ದದ್ದು ಹೀಗೆ. ಆಸಿಡ್ ಒಂದು ಟ್ರಿಪ್. ಲೈ ಮತ್ತು ಹೈಪೋಕ್ಲೋರೈಟ್ ಎರಡೂ ಕ್ಷಾರದ ಕಡೆಯವು, ಜೊತೆಗೆ ಹೋಗಬಹುದು. ಪೆರಾಕ್ಸೈಡ್ ಬೇರೆ, ಹೈಡ್ರೋಸ್ ಬೇರೆ. ಬಾಡಿಗೆ ಜಾಸ್ತಿ ಬೀಳುತ್ತೆ, ನಿಜ. ಅದನ್ನು ರೇಟಿನಲ್ಲಿ ಸೇರಿಸಿ. ಸೇರಿಸೋಕೆ ಆಗಲ್ಲ ಅಂದರೆ ಆ ಆರ್ಡರ್ ನಿಮಗೆ ಗಿಟ್ಟಲ್ಲ ಅಂತಲೇ ಅರ್ಥ.

ಇನ್ನು ಕ್ಯಾನ್ ವಿಷಯ. ತಳದಲ್ಲೋ ಪಕ್ಕದಲ್ಲೋ ಉಬ್ಬಚ್ಚಿನಲ್ಲಿ ಒಂದು ಸಾಲು ಇರುತ್ತೆ: ಯುಎನ್ (ವಿಶ್ವಸಂಸ್ಥೆ) ಗುರುತು, ಮುಂದೆ 3ಎಚ್1, ಆಮೇಲೆ ವೈ1.9 ಅಂತಲೋ ವೈ1.2 ಅಂತಲೋ. 3ಎಚ್1 ಅಂದರೆ ಮೇಲ್ಭಾಗ ಪೂರ್ತಿ ತೆರೆಯದ ಪ್ಲಾಸ್ಟಿಕ್ ಕ್ಯಾನ್. ವೈ ಪಕ್ಕದ ಅಂಕಿ ಆ ಕ್ಯಾನ್ ನೀರಿಗಿಂತ ಎಷ್ಟು ಪಟ್ಟು ತೂಕದ ದ್ರವಕ್ಕೆ ಪರೀಕ್ಷೆಯಾಗಿದೆ ಅನ್ನೋದು. 98 ಪರ್ಸೆಂಟ್ ಸಲ್ಫ್ಯೂರಿಕ್‌ದು 1.84. ವೈ1.9 ಇದ್ದರೆ ನಡೆಯುತ್ತೆ, ವೈ1.2 ಕ್ಯಾನ್‌ಗೆ ಅದನ್ನು ತುಂಬಲೇಬಾರದು. ಹೊರಗಿನಿಂದ ಎರಡೂ ಒಂದೇ ಥರ ನೀಲಿ! ತೂಕಾನೂ ಲೆಕ್ಕ ಹಾಕಿ. 35 ಲೀಟರ್ ಕ್ಯಾನ್‌ನಲ್ಲಿ ಹೈಡ್ರೋಕ್ಲೋರಿಕ್ ಸುಮಾರು 40 ಕಿಲೋ, ಅದೇ ಕ್ಯಾನ್‌ನಲ್ಲಿ ಸಲ್ಫ್ಯೂರಿಕ್ 64 ಕಿಲೋ. ಹಮಾಲರಿಗೆ ಮೊದಲೇ ಹೇಳದಿದ್ದರೆ ಎತ್ತುವಾಗ ಕೈ ಜಾರುತ್ತೆ.

ಹೈಪೋಕ್ಲೋರೈಟ್, ಪೆರಾಕ್ಸೈಡ್ ಎರಡೂ ಸುಮ್ನೆ ಇಟ್ಟರೂ ಗ್ಯಾಸ್ ಬಿಡುತ್ತವೆ. ಅದಕ್ಕೆ ಗಾಳಿ ಹೋಗೋ ಮುಚ್ಚಳವೇ ಬೇಕು. ಗಟ್ಟಿ ಮುಚ್ಚಳ ಬಿಗಿದರೆ ಕ್ಯಾನ್ ಉಬ್ಬಿ ಸೀಳುತ್ತೆ. ಅಡ್ಡ ಮಲಗಿಸಬೇಡಿ. ಕಂಠದವರೆಗೂ ತುಂಬಬೇಡಿ. ವಿಜಯಪುರದ ಬೇಸಿಗೆಯಲ್ಲಿ ಹೈಪೋಕ್ಲೋರೈಟ್‌ನ ಸ್ಟ್ರೆಂತ್ ಬೇಗ ಇಳಿಯುತ್ತೆ. ಸ್ಟಾಕ್ ಮಾಡದೆ ಆರ್ಡರ್ ಬಂದಷ್ಟೇ ತರಿಸಿ, ರಾತ್ರಿ ಹೊರಡಿಸಿ.

ಬಣ್ಣದ ಕೆಲಸದವರು, ಬನಹಟ್ಟಿ

ಹೈಡ್ರೋಸ್ ಬಗ್ಗೆ ಒಂದೇ ಮಾತು: ನೀರು ತಾಗಿಸಬೇಡಿ. ಸ್ವಲ್ಪ ಪಸೆ ಹೋದರೂ ಡಬ್ಬಿ ಒಳಗೆ ಕಾವು ಏರಿ ತಾನಾಗಿ ಹೊತ್ತಿಕೊಳ್ಳುತ್ತೆ. ಒಮ್ಮೆ ನಮಗೆ ಬಂದ ಡ್ರಮ್‌ನ ಮುಚ್ಚಳದ ರಿಂಗ್ ಸಡಿಲವಿತ್ತು, ದಾರಿಯಲ್ಲಿ ಮಳೆ. ಇಳಿಸುವಾಗ ಡ್ರಮ್ ಮುಟ್ಟಿದರೆ ಬಿಸಿ, ಗಂಧಕ ಸುಟ್ಟ ಘಾಟು. ಹುಡುಗ ಬಕೆಟ್ ನೀರು ತರೋಕೆ ಓಡಿದ, ನಮ್ಮ ಮಾವನವರು ಕೂಗಿ ನಿಲ್ಲಿಸಿದರು. ಬಯಲಿಗೆ ಉರುಳಿಸಿ ಒಣ ಮರಳು ಸುರಿದು ದೂರ ನಿಂತೆವು. ಕಳಿಸಿದವರು ಆಮೇಲೆ ಫೋನೇ ಎತ್ತಲಿಲ್ಲ, ಆ ಮಾತು ಬೇರೆ. ನೀವು ತಗಡಿನ ಡ್ರಮ್, ಒಳಗೆ ಪ್ಲಾಸ್ಟಿಕ್ ಚೀಲ, ಮೇಲೆ ರಿಂಗ್ ಬಿಗಿದು ಸೀಲ್ ಇರೋದನ್ನೇ ಕಳಿಸಿ. ಬಿಡಿಸಿ ಸಣ್ಣ ಚೀಲಕ್ಕೆ ತುಂಬೋ ಉಸಾಬರಿ ಬೇಡ.

ಪೆರಾಕ್ಸೈಡ್ ಕ್ಯಾನ್‌ಗಳ ನಡುವೆ ಅಲುಗಾಡಬಾರದು ಅಂತ ರವದಿ (ಕಬ್ಬಿನ ಒಣ ಎಲೆ), ಗೋಣಿಚೀಲ ತುರುಕಿ ಕಳಿಸುವವರಿದ್ದಾರೆ. 50 ಪರ್ಸೆಂಟ್ ಪೆರಾಕ್ಸೈಡ್ ಅದರ ಮೇಲೆ ಚೆಲ್ಲಿದರೆ ಕಡ್ಡಿ ಗೀರದೇ ಬೆಂಕಿ. ಪ್ಲಾಸ್ಟಿಕ್ ಪ್ಯಾಲೆಟ್ ಮೇಲೆ ನಿಲ್ಲಿಸಿ ಬೆಲ್ಟ್ ಹಾಕಿ ಬಿಗಿಯಿರಿ.

ಲಾರಿ ಮಾಲೀಕರು, ಬಾಗಲಕೋಟೆ

ಕಾಗದಪತ್ರದ ಮಾತು ನಾನು ಹೇಳ್ತೀನಿ. 1989ರ ಕೇಂದ್ರ ಮೋಟಾರು ವಾಹನ ನಿಯಮದಲ್ಲಿ ಅಪಾಯದ ಸರಕಿಗೆ ಅಂತಲೇ 129ರಿಂದ 137ರವರೆಗೆ ನಿಯಮಗಳಿವೆ. ಎಲ್ಲ ಲಾರಿಯವನ ತಲೆ ಮೇಲೆ ಅಂದುಕೊಳ್ಳಬೇಡಿ. ಸರಕು ಏನು, ಅಪಾಯ ಏನು, ಚೆಲ್ಲಿದರೆ ಏನು ಮಾಡಬೇಕು ಅಂತ ಪೂರ್ತಿ ಮಾಹಿತಿ ಕೊಡೋ ಹೊಣೆ ಕಳಿಸುವವರದು, ಅಂದರೆ ನಿಮ್ಮದು. ಆ ಮಾಹಿತಿಯ ಚೀಟಿಗೆ ಟ್ರೆಮ್ ಕಾರ್ಡ್ ಅಂತಾರೆ. ಅದು ಡ್ರೈವರ್ ಕ್ಯಾಬಿನ್‌ನಲ್ಲೇ ಇರಬೇಕು, ನಿಮ್ಮ ಆಫೀಸ್ ಫೈಲಿನಲ್ಲಲ್ಲ. ಕನ್ನಡದಲ್ಲೂ ಒಂದು ಪ್ರತಿ ಕೊಡಿ ಅಂತ ನನ್ನ ಬೇಡಿಕೆ.

ಗಾಡಿಯ ಎರಡೂ ಪಕ್ಕ ಮತ್ತು ಹಿಂದೆ ಎಮರ್ಜೆನ್ಸಿ ಬೋರ್ಡ್ ಬೇಕು. ಅದರಲ್ಲಿ ಸರಕಿನ ಹೆಸರು, ಯುಎನ್ ನಂಬರ್ (ಸರಕನ್ನು ಗುರುತಿಸೋ ನಾಲ್ಕಂಕಿ ಸಂಖ್ಯೆ), ಫೋನ್ ನಂಬರ್ ಇರುತ್ತೆ. ಹೈಡ್ರೋಕ್ಲೋರಿಕ್‌ಗೆ 1789, ಸಲ್ಫ್ಯೂರಿಕ್‌ಗೆ 1830, ಲೈಗೆ 1824, ಹೈಪೋಕ್ಲೋರೈಟ್‌ಗೆ 1791, 50ರ ಪೆರಾಕ್ಸೈಡ್‌ಗೆ 2014, ಹೈಡ್ರೋಸ್‌ಗೆ 1384. ಸರಕು ಬದಲಾದರೆ ಬೋರ್ಡೂ ಬದಲಾಗಬೇಕು. ಲೈ ಬೋರ್ಡ್ ಹಾಕಿಕೊಂಡು ಆಸಿಡ್ ಒಯ್ಯೋ ಗಾಡಿಗಳನ್ನು ನೋಡಿ ನೋಡಿ ಸಾಕಾಗಿದೆ. ಗಾಡಿ ಮಗುಚಿದರೆ ಅಗ್ನಿಶಾಮಕದವರು ಆ ನಂಬರ್ ನೋಡಿಯೇ ಕೈ ಹಾಕೋದು ಅಲ್ವಾ?

ಡ್ರೈವರ್‌ಗೆ ಮೂರು ದಿನದ ತರಬೇತಿ ಆಗಿರಬೇಕು, ಲೈಸೆನ್ಸ್ ಮೇಲೆ ಅದರ ನಮೂದು ಬೇಕು. ನಮ್ಮ ಕಡೆ ಅಂಥ ಡ್ರೈವರ್ ಸಿಗೋದೇ ಕಷ್ಟ. ಸಿಕ್ಕವನಿಗೆ ಭತ್ಯೆ ನೂರಿನ್ನೂರು ಜಾಸ್ತಿ ಕೊಟ್ಟು ಹಿಡಿದಿಟ್ಟುಕೊಳ್ಳಿ. ಸರಕು 50,000 ರೂಪಾಯಿ ದಾಟಿದರೆ ಇ-ವೇ ಬಿಲ್ ಹೇಗೂ ಬೇಕು. 1991ರ ಕಾಯ್ದೆಯ ಪಬ್ಲಿಕ್ ಲಯಬಿಲಿಟಿ ವಿಮೆ ನಿಮ್ಮ ಗೋಡೌನ್‌ಗೆ ಬರುತ್ತಾ ಅಂತ ಏಜೆಂಟ್ ಹತ್ತಿರ ಕೇಳಿ. ಲೋಡ್ ಮಾಡೋ ಮುಂಚೆ ಗಾಡಿಯ ಹಲಗೆ ಮೇಲೆ ಒಮ್ಮೆ ಕೈಯಾಡಿಸಿ. ಮೊಳೆ ಎದ್ದಿದ್ದರೆ ಯರಗಟ್ಟಿ ಮುಟ್ಟೋದರೊಳಗೆ ಕ್ಯಾನ್ ತೂತಾಗಿರುತ್ತೆ.

ಸಕ್ಕರೆ ಕಾರ್ಖಾನೆ ಸ್ಟೋರ್‌ನವರು, ಮುಧೋಳ ತಾಲ್ಲೂಕು

ನಾವು ಲೈ ತಗೊಳ್ಳೋದು ಕಬ್ಬಿನ ಹಾಲು ಕುದಿಸಿ ಗಟ್ಟಿ ಮಾಡೋ ಇವಾಪರೇಟರ್ ಟ್ಯೂಬ್‌ಗಳ ಗಸಿ ಕುದಿಸಿ ತೆಗೆಯೋಕೆ. ಹಂಗಾಮು ಚಳಿಗಾಲದಲ್ಲೇ ಜೋರು. 50 ಪರ್ಸೆಂಟ್ ಲೈ 12 ಡಿಗ್ರಿ ಹತ್ತಿರ ಹೆಪ್ಪುಗಟ್ಟೋಕೆ ಶುರು ಮಾಡುತ್ತೆ. ಡಿಸೆಂಬರ್ ಬೆಳಗಿನ ಜಾವ ಬಂದ ಗಾಡಿಯ ವಾಲ್ವ್ ಕಟ್ಟಿಕೊಂಡರೆ ಕಬ್ಬಿಣದ ಸಲಾಕೆ ಹಾಕಿ ತಿವಿಯೋಕೆ ಹೋಗ್ತಾರೆ. ಸಟ್ಟನೆ ಚಿಮ್ಮಿದರೆ ಮುಖಕ್ಕೆ. ಬಿಸಿಲೇರೋವರೆಗೆ ಕಾಯಿರಿ, ಇಲ್ಲವೇ ಹೊರಗಿನಿಂದ ಬಿಸಿನೀರು ಹಾಕಿ. ಅಂದಹಾಗೆ ಜರ್ಮನ್ (ಅಲ್ಯೂಮಿನಿಯಂ) ಬಕೆಟ್, ಜರ್ಮನ್ ಕೊಳವೆ ಹತ್ತಿರ ತರಬೇಡಿ. ಲೈ ಅದನ್ನು ತಿಂದು ಹೈಡ್ರೋಜನ್ ಬಿಡುತ್ತೆ.

ಆಸಿಡ್ ಬಿದ್ದರೆ ಜನ ತಕ್ಷಣ ಕಿರುಚಿ ನೀರಿಗೆ ಓಡ್ತಾರೆ. ಲೈ ಮೊದಲು ಸಾಬೂನಿನ ಹಾಗೆ ಜಾರುತ್ತೆ ಅಷ್ಟೇ, ಅದಕ್ಕೇ ಅಸಡ್ಡೆ. ಕಣ್ಣಿಗಂತೂ ಆಸಿಡ್‌ಗಿಂತ ಆಳಕ್ಕೆ ಇಳಿಯುತ್ತೆ. ಕನಿಷ್ಠ 15-20 ನಿಮಿಷ ನೀರು ಬಿಡ್ತಾನೇ ಇರಬೇಕು, ಆಮೇಲೆ ಆಸ್ಪತ್ರೆ. ರಕ್ಷಣಾ ಕನ್ನಡಕ ಇಲ್ಲದವರನ್ನು ನಾವು ವಾಲ್ವ್ ಹತ್ತಿರ ಬಿಡಲ್ಲ. ನಿಮ್ಮ ಹುಡುಗರಿಗೆ ಕನ್ನಡಕ ಕೊಟ್ಟೇ ಕಳಿಸಿ.

ಪ್ಲೇಟಿಂಗ್ ಶಾಪ್, ಉದ್ಯಮಬಾಗ

ಹಳೇ ಕ್ಯಾನ್ ಬಗ್ಗೆ ಕೇಳಿದ್ರಲ್ಲ. ಅದೇ ಆಸಿಡ್, ಅದೇ ಗಿರಾಕಿ, ಬಿರುಕಿಲ್ಲ, ಬಣ್ಣ ಮಾಸಿಲ್ಲ ಅಂದರೆ ಮತ್ತೆ ತುಂಬೋದು ನಡೆದೇ ಇದೆ. ಆದರೆ ಆಸಿಡ್ ಕ್ಯಾನ್ ತೊಳೆದು ಹೈಪೋಕ್ಲೋರೈಟ್ ತುಂಬೋದು ಬೇಡವೇ ಬೇಡ. ತೊಳೆದ ನೀರನ್ನು ಗಟಾರಿಗೆ ಬಿಡೋ ಹಾಗೂ ಇಲ್ಲ, ಮಾಲಿನ್ಯ ಮಂಡಳಿಯವರು ಕೇಳ್ತಾರೆ.

ಖಾಲಿ ಕ್ಯಾನ್‌ಗಳನ್ನು ಗುಜರಿಗೆ ಹಾಕಬೇಡಿ. 2016ರ ಅಪಾಯಕಾರಿ ತ್ಯಾಜ್ಯ ನಿಯಮದಲ್ಲಿ ಅವೂ ಅಪಾಯಕಾರಿ ತ್ಯಾಜ್ಯವೇ, ಪರವಾನಗಿ ಇದ್ದವರಿಗೇ ಕೊಡಬೇಕು. ಸಂತೆಯಲ್ಲಿ ನೀಲಿ ಡ್ರಮ್ ಅಗ್ಗಕ್ಕೆ ಸಿಗುತ್ತೆ ಅಂತ ನೀರಿನ ತಾಪತ್ರಯ ಇರೋ ಊರಿನ ಜನ ಒಯ್ದು ಕುಡಿಯೋ ನೀರು ತುಂಬಿಸ್ತಾರೆ. ಯಾರಿಗೂ ಕೊಡಲ್ಲ ಅಂತಿದ್ದರೂ ಕಾವಲುಗಾರ ಮಾರಿಬಿಡಬಹುದು. ಅದಕ್ಕೆ ನಾವು ಹಾಳಾದ ಕ್ಯಾನ್‌ಗೆ ಮೊದಲು ತಳದಲ್ಲಿ ತೂತು ಹೊಡೆದೇ ಇಡೋದು.

ಬಿಡಿಯಾಗಿ ಆಸಿಡ್ ಕೇಳಿಕೊಂಡು ಬಂದವರಿಗೆ ಕೊಡಬೇಡಿ. 2013ರ ಸುಪ್ರೀಂ ಕೋರ್ಟ್ ಆದೇಶದ ನಂತರ ಗಿರಾಕಿಯ ವಿಳಾಸ, ಗುರುತಿನ ಚೀಟಿ, ಯಾಕೆ ಬೇಕು ಅನ್ನೋದೆಲ್ಲ ರಿಜಿಸ್ಟರ್‌ನಲ್ಲಿ ಬರೆಯಬೇಕು, 18 ತುಂಬದವರಿಗೆ ಮಾರುವಂತಿಲ್ಲ.

ಕೇಳಿದವರು, ಮಚ್ಛೆ

ಎಲ್ಲರಿಗೂ ಧನ್ಯವಾದ. ಹೈಡ್ರೋಸ್ ಆರ್ಡರ್ ಸದ್ಯಕ್ಕೆ ಬೇಡ ಅಂತ ಹೇಳ್ತೀನಿ. ಲೈ ಮತ್ತು ಹೈಪೋಕ್ಲೋರೈಟ್‌ನಿಂದ ಶುರು ಮಾಡೋಣ. ಬಾಗಲಕೋಟೆಯ ಅಣ್ಣ, ತರಬೇತಿ ಆಗಿರೋ ಡ್ರೈವರ್ ಇರೋ ಗಾಡಿ ನಿಮ್ಮ ಹತ್ತಿರವೇ ಇದೆಯಾ? ವಾಪಸ್ ಬರುವಾಗ ಖಾಲಿ ಬರಬಾರದು ಅಂದರೆ ಏನು ಲೋಡ್ ಹಾಕ್ತೀರಿ?

ಲಾರಿ ಮಾಲೀಕರು, ಬಾಗಲಕೋಟೆ

ಇದೆ. ವಾಪಸ್ ಲೋಡ್ ಸಿಮೆಂಟೋ ಫರ್ಶಿ ಕಲ್ಲೋ ನೋಡ್ಕೊಳ್ತೀನಿ. ಬೇಳೆ, ಜೋಳ, ಬೆಲ್ಲ ಮಾತ್ರ ಆ ಗಾಡಿಗೆ ಹಾಕಲ್ಲ, ಎಷ್ಟೇ ಬಾಡಿಗೆ ಕೊಟ್ಟರೂ.